ಮಕ್ಕಳ ಜೊತೆ ಕೆಲಸ ಮಾಡೋ ಆಸೆ: ನಿಮ್ಮ ಪ್ರಶ್ನೆ, ಅಕ್ಕನ ಉತ್ತರ

ಹೋದ ಸಂಚಿಕೇಲಿ ಕೆಲಸ ಬದಲಾಯಿಸೋ ಬಗ್ಗೆ ಬರೆದಿದ್ದಕ್ಕೆ ತುಂಬಾ ಪತ್ರ ಬಂದ್ವು, ಅದ್ರಲ್ಲಿ ಮಕ್ಕಳ ಜೊತೆ ಕೆಲಸ ಮಾಡ್ಬೇಕು ಅನ್ನೋರದ್ದೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅವ್ರಿಗೇ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಅಕ್ಕಾ, ನಂಗೆ 27 ವರ್ಷ. ಬಿ.ಕಾಂ ಮುಗಿಸಿ ಒಂದು ಫೈನಾನ್ಸ್ ಕಂಪನಿಲಿ ಕೆಲಸ ಮಾಡ್ತಿದೀನಿ, ಸಂಬಳ ಪರವಾಗಿಲ್ಲ, ಆದ್ರೆ ದಿನಾ ಸಾಲ ಕಟ್ಟದೇ ಇರೋರಿಗೆ ಫೋನ್ ಮಾಡೋದೇ ಕೆಲಸ, ಬೆಳಿಗ್ಗೆ ಎದ್ದ ತಕ್ಷಣ ಮನಸ್ಸು ಭಾರ ಆಗುತ್ತೆ. ಅಕ್ಕನ ಮಕ್ಕಳು ರಜೆಗೆ ಬಂದ್ರೆ ಮಾತ್ರ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಟೀಚರ್ ಆಗೋಣ ಅನ್ನಿಸ್ತಿದೆ. ಅಪ್ಪ ಮಾತ್ರ ಇರೋ ಸಂಬಳ ಬಿಟ್ಟು ನರ್ಸರಿಗೆ ಹೋಗ್ತೀಯಾ ಅಂತ ಬೈತಾರೆ. ಏನ್ ಮಾಡ್ಲಿ? (ದಾವಣಗೆರೆ)

ಉತ್ತರ: ತಂಗೀ, ಆಸೆ ಒಳ್ಳೇದೇ, ಅದ್ರಲ್ಲಿ ಅನುಮಾನ ಬೇಡ. ಆದ್ರೆ ರಾಜೀನಾಮೆ ಪತ್ರ ಬರೆಯೋಕೆ ಮುಂಚೆ ಒಂದು ವಿಷ್ಯ ಯೋಚ್ನೆ ಮಾಡು, ಯಾವ ವಯಸ್ಸಿನ ಮಕ್ಕಳು? ಎಲ್ರೂ ಮೊದ್ಲು ಯಾವ ಕೋರ್ಸ್ ಅಂತ ಕೇಳ್ತಾರೆ, ವಯಸ್ಸಿನ ಬಗ್ಗೆ ಯಾರೂ ಕೇಳಲ್ಲ, ನನ್ನ ಪ್ರಕಾರ ಅದೇ ಮೊದಲ ಪ್ರಶ್ನೆ. ಮೂರು ವರ್ಷದ ಮಗು ಜೊತೆ ಇದ್ರೆ ದಿನ ಪೂರ್ತಿ ಮೈ ಬಗ್ಗಿಸಿ ದುಡಿಯೋ ಕೆಲಸ, ಎತ್ಕೋಬೇಕು, ಚಡ್ಡಿ ಬದಲಾಯಿಸ್ಬೇಕು, ಅದೇ ಹಾಡನ್ನ ನೂರು ಸಲ ಹಾಡ್ಬೇಕು, ಅದೂ ಮೊದಲನೇ ಸಲ ಹಾಡೋವಷ್ಟೇ ಖುಷಿಯಿಂದ. ಎಂಟು ವರ್ಷದೋರಿಗೆ ಪ್ರಶ್ನೆಗಳು ಜಾಸ್ತಿ, ನ್ಯಾಯ ಜಾಸ್ತಿ, ಮಿಸ್ ಅವನು ನನ್ನ ರಬ್ಬರ್ ತಗೊಂಡ ಅನ್ನೋ ಪಂಚಾಯ್ತಿನ ಪ್ರಾಮಾಣಿಕವಾಗಿ ತೀರಿಸ್ಬೇಕು. ಹದಿಮೂರರ ಮಕ್ಕಳು ನಿನ್ನ ಮುಖಾನೇ ನೋಡಲ್ಲ, ಆದ್ರೆ ನೀನು ಹೇಳಿದ್ದೆಲ್ಲಾ ಕೇಳಿಸ್ಕೋತಿರ್ತಾರೆ, ಅಲ್ಲಿ ಬೇಕಿರೋ ತಾಳ್ಮೆನೇ ಬೇರೆ. ಒಬ್ರಿಗೆ ಮೂರೂ ಹಿಡಿಸೋದು ಅಪರೂಪ.

ಇನ್ನೊಂದು ಮಾತು, ಬೇಜಾರ್ ಮಾಡ್ಕೋಬೇಡ. ಅಕ್ಕನ ಮಕ್ಕಳು ಇಬ್ರೋ ಮೂವರೋ ಇರ್ತಾರೆ, ನಿನ್ನ ಮೇಲೆ ಮೊದ್ಲೇ ಪ್ರೀತಿ ಇದೆ, ರಜೆ ಮುಗಿದ್ರೆ ಅವ್ರ ಮನೆಗೆ ಹೋಗ್ತಾರೆ. ಕ್ಲಾಸಲ್ಲಿ ಹಾಗಲ್ಲ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿಗೆ 30 ಮಕ್ಕಳಿಗೆ ಒಬ್ರು ಟೀಚರ್. ಆ ಮೂವತ್ತರಲ್ಲಿ ಬೆಳಿಗ್ಗೆ ತಿಂಡಿ ತಿನ್ನದೇ ಬಂದ ಮಗು ಇರುತ್ತೆ, ರಾತ್ರಿ ಮನೇಲಿ ಜಗಳ ನೋಡಿ ನಿದ್ದೆ ಮಾಡದ ಮಗು ಇರುತ್ತೆ, ಎಲ್ಲಾ ಬೇಗ ಮುಗಿಸಿ ಇನ್ನೇನ್ ಮಾಡ್ಲಿ ಮಿಸ್ ಅಂತ ಪೀಡಿಸೋ ಮಗುನೂ ಇರುತ್ತೆ. ಎಲ್ರೂ ಒಟ್ಟಿಗೇ ನಿನ್ನ ಗಮನ ಕೇಳ್ತಾರೆ.

ಅದಕ್ಕೇ ಹೇಳೋದು, ಹೋಗಿ ನೋಡು. ನಿಂಗೆ ಬರೋ ರಜೆಗಳನ್ನ ಇದಕ್ಕೆ ಖರ್ಚು ಮಾಡು. ನಿಮ್ಮ ಏರಿಯಾದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿ ಎಚ್‌ಎಂ ಹತ್ರ ನಿಜ ವಿಷ್ಯ ಹೇಳಿ, ನಲಿ ಕಲಿ ತರಗತಿಲಿ ಒಂದು ದಿನ ಹಿಂದೆ ಕೂರ್ತೀನಿ ಅಂತ ಕೇಳು, ಅವ್ರು ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿಂದ ಅನುಮತಿ ತನ್ನಿ ಅಂದ್ರೆ ಅದನ್ನೂ ಮಾಡು. ನಲಿ ಕಲಿ ಯಾಕೆ ಅಂದ್ರೆ ಅದು ನಮ್ಮ ರಾಜ್ಯದ ಶಿಕ್ಷಕರೇ ಕೈಯಾರೆ ಕಟ್ಟಿದ್ದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡ್ಕೊಂಡು ಬಂದು ಇಲ್ಲಿಗೆ ಹೊಂದೋ ಹಾಗೆ ಕಲಿಕೆ ಕಾರ್ಡುಗಳನ್ನ ಮಾಡಿದ್ರು, ಆಮೇಲೆ ಇಡೀ ರಾಜ್ಯಕ್ಕೆ ಬಂತು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪಾಗಿ ಕೂತು ತಮ್ಮ ತಮ್ಮ ವೇಗದಲ್ಲಿ ಕಲೀತಾರೆ, ತಲೆ ಮೇಲೆ ಚಪ್ಪರದಲ್ಲಿ ಅವರೇ ಮಾಡಿದ ಚಿತ್ರ ನೇತಾಡ್ತಿರುತ್ತೆ. ಬೋರ್ಡ್ ಮುಂದೆ ನಿಂತು ಪಾಠ ಹೇಳೋದೇ ಟೀಚಿಂಗ್ ಅಂತ ಅಂದ್ಕೊಂಡೋರಿಗೆ ಅಲ್ಲಿ ಕಣ್ಣು ತೆರೆಯುತ್ತೆ. ಸಂಜೆವರೆಗೂ ಇದ್ದು ಗಮನಿಸು, ಮೂರು ಗಂಟೆ ಹೊತ್ತಿಗೆ ಮಕ್ಕಳಿಗೂ ಸುಸ್ತು, ಟೀಚರಿಗೂ ಸುಸ್ತು, ಆಗ್ಲೂ ನಿಂಗೆ ಎದ್ದು ಹೋಗಿ ಒಂದು ಮಗುವಿನ ಪಕ್ಕ ಕೂರೋಣ ಅನ್ನಿಸಿದ್ರೆ ಈ ಕೆಲಸ ನಿಂದು.

ಇನ್ನು ದಾರಿ. ಒಂದರಿಂದ ಐದನೇ ಕ್ಲಾಸಿಗೆ ಬೇಕಿರೋದು ಎರಡು ವರ್ಷದ ಶಿಕ್ಷಕರ ಡಿಪ್ಲೊಮಾ ಡಿ.ಎಲ್.ಇಡಿ, ಹಳೆಯವರು ಟಿಸಿಎಚ್, ಡಿ.ಎಡ್ ಅಂತಿದ್ರಲ್ಲ ಅದೇ. ಇದಕ್ಕೆ ಪಿಯುಸಿ ಮಾರ್ಕ್ಸ್ ನೋಡ್ತಾರೆ, ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟ್ ಇರ್ಬೇಕು, ಹಾಗಾಗಿ ಬಿ.ಕಾಂ ಆಗಿದೆ ಅನ್ನೋದು ಅಡ್ಡಿ ಅಲ್ಲ. ಜಿಲ್ಲಾ ಡಯಟ್‌ಗೆ, ಅಂದ್ರೆ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಗೆ ಹೋಗಿ ವಿಚಾರಿಸು, ಸರಿಯಾದ ಮಾಹಿತಿ ಅಲ್ಲೇ ಸಿಗೋದು. ಆಮೇಲೆ ಟಿಇಟಿ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲನೇ ಪೇಪರ್, 150ಕ್ಕೆ 90 ಬಂದ್ರೆ ಪಾಸು. ಟಿಇಟಿ ಪಾಸಾದ್ರೆ ಕೆಲಸ ಸಿಕ್ತು ಅಂತ ಅಲ್ಲ, ಅದು ಅರ್ಹತೆ ಅಷ್ಟೇ, ಸರ್ಕಾರ ನೇಮಕಾತಿ ಕರೆದಾಗ ಮತ್ತೆ ಪರೀಕ್ಷೆ ಬರೀಬೇಕು, ಅದು ಯಾವಾಗ ಕರೀತಾರೆ ಅನ್ನೋದನ್ನ ನಂಬ್ಕೊಂಡು ಕೂರೋಕಾಗಲ್ಲ.

ಅಪ್ಪನ ಮಾತಲ್ಲೂ ನಿಜ ಇದೆ, ಅದನ್ನ ತಳ್ಳಿಹಾಕ್ಬೇಡ. ಸಣ್ಣ ಖಾಸಗಿ ಶಾಲೆಗಳಲ್ಲಿ ಹೊಸಬರಿಗೆ ಕೊಡೋ ಸಂಬಳ ತುಂಬಾ ಕಮ್ಮಿ, ಎಷ್ಟೋ ಕಡೆ ಏಪ್ರಿಲ್ ಮೇ ಸಂಬಳನೇ ಇರಲ್ಲ. ಇದು ನಂಗೆ ಬಹಳ ನೋವು ಕೊಡೋ ವಿಷ್ಯ, ಮಕ್ಕಳನ್ನ ನಂಬಿ ಒಪ್ಪಿಸೋ ಜನಕ್ಕೆ ನಾವು ಇಷ್ಟು ಕಮ್ಮಿ ಕೊಡ್ತೀವಲ್ಲ ಅಂತ. ಆದ್ರೆ ಇರೋದು ಹಾಗಿದೆ. ಕೋರ್ಸಿನ ಎರಡು ವರ್ಷ, ಅದರ ಮೇಲೆ ಒಂದು ವರ್ಷದ ಖರ್ಚು ಕೈಯಲ್ಲಿ ಇಟ್ಕೊಂಡು ಆಮೇಲೆ ಬಿಡು. ಆ ಲೆಕ್ಕ ಹಾಳೆ ಮೇಲೆ ಬರೆದು ಅಪ್ಪನ ಮುಂದಿಡು, ಲೆಕ್ಕ ನಿಂಗೆ ಬರುತ್ತಲ್ಲ. ಮಗಳು ಬೇಜಾರಾಗಿ ಓಡಿ ಹೋಗ್ತಿಲ್ಲ, ಯೋಚಿಸಿ ಹೋಗ್ತಿದಾಳೆ ಅಂತ ಅವ್ರಿಗೆ ಕಾಣ್ಬೇಕು.

ಪ್ರಶ್ನೆ: ಅಕ್ಕಾರ, ನಾನು ಬಿ.ಎ, ಬಿ.ಎಡ್ ಮುಗಿಸೀನ್ರಿ. ನನಗ ಒಂದನೆತ್ತಿ ಎರಡನೆತ್ತಿ ಹುಡುಗರಿಗೆ ಅಕ್ಷರ ಕಲಿಸೋದಂದ್ರ ಭಾಳ ಖುಷಿ, ಊರಾಗ ಸಂಜಿಗೆ ಸುಮ್ನ ಹುಡುಗರನ್ನ ಕೂಡಿಸ್ಕೊಂಡು ಕಲಿಸ್ತೀನಿ. ಈಗ ಬಿ.ಎಡ್ ಆದವ್ರು ಸಣ್ಣ ಕ್ಲಾಸಿಗೆ ಬರಂಗಿಲ್ಲ ಅಂತಾರ, ಖರೇ ಏನ್ರಿ? ಮತ್ತ ಗಂಡಸಾಗಿ ಸಣ್ಣ ಕೂಸುಗಳಿಗೆ ಕಲಿಸ್ತೀಯೇನಲೇ ಅಂತ ಗೆಳ್ಯಾರು ನಗ್ತಾರ. (ಕೊಪ್ಪಳ ಜಿಲ್ಲೆ)

ಉತ್ತರ: ತಮ್ಮಾ, ಅದು ನಿಜ. 2018ರಲ್ಲಿ ಶಿಕ್ಷಕರ ಅರ್ಹತೆ ನಿಗದಿ ಮಾಡೋ ಕೇಂದ್ರ ಸಂಸ್ಥೆ ಎನ್‌ಸಿಟಿಇ, ಬಿ.ಎಡ್ ಆದೋರೂ ಒಂದರಿಂದ ಐದನೇ ಕ್ಲಾಸಿಗೆ ಬರಬಹುದು ಅಂತ ಆದೇಶ ಮಾಡಿತ್ತು, ರಾಜಸ್ಥಾನ ಹೈಕೋರ್ಟ್ ಅದನ್ನ ರದ್ದು ಮಾಡ್ತು, 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೈಕೋರ್ಟ್ ತೀರ್ಪನ್ನೇ ಎತ್ತಿ ಹಿಡೀತು. ಸಣ್ಣ ಮಕ್ಕಳಿಗೆ ಕಲಿಸೋದು ಬೇರೆಯದೇ ವಿದ್ಯೆ, ಅದಕ್ಕೆ ಬೇರೆ ತರಬೇತಿನೇ ಬೇಕು ಅನ್ನೋದು ಅದರ ಹಿಂದಿನ ವಿಚಾರ. ನಿಮ್ಮಂಥೋರಿಗೆ ಕಷ್ಟ ಆಯ್ತು, ಗೊತ್ತು, ಆದ್ರೂ ಆ ವಿಚಾರ ಸರಿ ಅಂತಾನೇ ನಾನು ಹೇಳೋದು. ಮಗು ಮೊದಲ ಸಲ ಅಕ್ಷರ ಗುರುತಿಸೋ ಹೊತ್ತಲ್ಲಿ ತಲೆಯೊಳಗೆ ಏನು ನಡೆಯುತ್ತೆ ಅಂತ ತಿಳಿದೋರು ಪಕ್ಕದಲ್ಲಿರ್ಬೇಕು.

ನಿಮ್ಮ ಮುಂದೆ ಮೂರು ದಾರಿ ಇದೆ ನೋಡಿ. ಟಿಇಟಿ ಎರಡನೇ ಪೇಪರ್ ಬರೆದು ಆರರಿಂದ ಎಂಟನೇ ಕ್ಲಾಸಿಗೆ ಹೋಗೋದು, ಬಿ.ಎಡ್‌ಗೆ ಇದು ನೇರ ದಾರಿ, ಆದ್ರೆ ಅದು ನಿಮ್ಮ ಮನಸ್ಸಲ್ಲಿರೋ ವಯಸ್ಸಲ್ಲ. ಎರಡನೇದು ಮತ್ತೆ ಎರಡು ವರ್ಷ ಡಿ.ಎಲ್.ಇಡಿ ಮಾಡೋದು, ವಯಸ್ಸು ಚಿಕ್ಕದಿದ್ದು ಮನೇಲಿ ನಡೆಯೋ ಹಾಗಿದ್ರೆ ನಾನು ಇದನ್ನೇ ಹೇಳ್ತೀನಿ. ಮೂರನೇದು ಶಾಲೆ ಹೊರಗಿನ ಕೆಲಸ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿ, ಕಲಬುರಗಿ ಕಡೆ ವರ್ಷಗಳಿಂದ ಸರ್ಕಾರಿ ಶಾಲೆ ಶಿಕ್ಷಕರ ಜೊತೆ ಕೆಲಸ ಮಾಡ್ತಿದೆ, ಬೆಂಗಳೂರಿನ ಅಕ್ಷರ ಫೌಂಡೇಶನ್ ಮಕ್ಕಳ ಗಣಿತದ ಮೇಲೆ ಕೆಲಸ ಮಾಡುತ್ತೆ, ಇಂಥ ಕಡೆ ಹಳ್ಳಿ ಮಕ್ಕಳ ಭಾಷೆ ಗೊತ್ತಿರೋ ಹುಡುಗರು ಬೇಕು. ಈಗ ನಡೆಸ್ತಿರೋ ಸಂಜೆ ಕ್ಲಾಸನ್ನ ಮಾತ್ರ ಬಿಡಬೇಡಿ. ನಿಮ್ಮ ಪಂಚಾಯ್ತಿ ಲೈಬ್ರರಿ, ಅದೇ ಅರಿವು ಕೇಂದ್ರ, ಅಲ್ಲಿ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಫ್ರೀ ಸದಸ್ಯತ್ವ ಇದೆ, ಮೇಲ್ವಿಚಾರಕರನ್ನ ಕೇಳಿ ವಾರಕ್ಕೊಂದು ದಿನ ಅಲ್ಲೇ ಕತೆ ಓದಿಸಿ. ಯಾವ ಮಗು ಎಲ್ಲಿ ತಡವರಿಸ್ತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ನಾಳೆ ಇಂಟರ್‌ವ್ಯೂನಲ್ಲಿ ಆ ನೋಟ್‌ಬುಕ್ ನಿಮ್ಮ ಸರ್ಟಿಫಿಕೇಟಿಗಿಂತ ಚೆನ್ನಾಗಿ ಮಾತಾಡುತ್ತೆ.

ಗೆಳೆಯರಿಗೆ ಗಿಜುಭಾಯಿ ಬಧೇಕಾ ಬಗ್ಗೆ ಹೇಳಿ. ಗುಜರಾತಿನೋರು, ವಕೀಲರಾಗಿದ್ರು, ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿ 1920ರಲ್ಲಿ ಪುಟ್ಟ ಮಕ್ಕಳಿಗೆ ಬಾಲಮಂದಿರ ಶುರು ಮಾಡಿದ್ರು. ಅವ್ರನ್ನ ಜನ ಪ್ರೀತಿಯಿಂದ ಮೀಸೆ ಇರೋ ಅಮ್ಮ ಅಂತಿದ್ರು. ಎಷ್ಟೋ ಮಕ್ಕಳ ಮನೇಲಿ ಅಪ್ಪ ದುಡಿಯೋಕೆ ದೂರದ ಊರಿಗೆ ಹೋಗಿರ್ತಾನೆ, ಆ ಮಕ್ಕಳಿಗೆ ಸಮಾಧಾನವಾಗಿ ಮಾತಾಡೋ ಒಬ್ಬ ಗಂಡಸು ದಿನಾ ಕಣ್ಣಿಗೆ ಬೀಳೋದು ದೊಡ್ಡ ವಿಷ್ಯ.

ಪ್ರಶ್ನೆ: ಮೇಡಂ ನಮಸ್ತೆ, ನಂಗೆ 33 ವರ್ಷ, ಪಿಯುಸಿ ಓದಿದೀನಿ, ಮಕ್ಕಳು ಇಬ್ರೂ ಸ್ಕೂಲಿಗೆ ಹೋಗ್ತಾರೆ. ನಮ್ಮೂರ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕ್ಲಾ ಅಥವಾ ಟೌನಲ್ಲಿ ಮಾಂಟೆಸ್ಸರಿ ಟ್ರೈನಿಂಗ್ ಮಾಡ್ಲಾ? ಅಂಗನವಾಡಿ ಅಂದ್ರೆ ಬರೀ ಬರಹದ ಕೆಲಸ ಅಂತಾರೆ. (ಕೊಳ್ಳೇಗಾಲದ ಹತ್ರದ ಹಳ್ಳಿ)

ಉತ್ತರ: ಅಂಗನವಾಡಿ ಕಾರ್ಯಕರ್ತೆ ಹುದ್ದೆಗೆ ಸಾಮಾನ್ಯವಾಗಿ ವಯಸ್ಸು 19ರಿಂದ 35, ಪಿಯುಸಿ ಆಗಿರ್ಬೇಕು, ಅದೇ ಊರಿನೋರಾಗಿರ್ಬೇಕು. ಅಂದ್ರೆ ನಿಮಗೆ ಟೈಮ್ ಕಮ್ಮಿ ಇದೆಯಮ್ಮಾ. ನಾಳೆನೇ ಸಿಡಿಪಿಒ, ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಫೀಸಿಗೆ ಹೋಗಿ ನಿಮ್ಮೂರಲ್ಲಿ ಜಾಗ ಖಾಲಿ ಇದ್ಯಾ, ಆಗೋದಿದ್ಯಾ ವಿಚಾರಿಸಿ, ವಾಸಸ್ಥಳ ಸರ್ಟಿಫಿಕೇಟ್ ಈಗ್ಲೇ ಮಾಡಿಸಿಟ್ಕೊಳಿ, ಅರ್ಜಿ ಕರೆದಾಗ ಓಡಾಡಿದ್ರೆ ತಡ ಆಗುತ್ತೆ.

ಬರಹದ ಕೆಲಸ ಇದೆ, ಸುಳ್ಳು ಹೇಳಲ್ಲ. ಮಕ್ಕಳ ತೂಕ ಎತ್ತರ ನೋಡಿ ಮೊಬೈಲಲ್ಲಿ ತುಂಬ್ಬೇಕು, ಗರ್ಭಿಣಿ ಬಾಣಂತಿಯರ ಲೆಕ್ಕ, ಮೊಟ್ಟೆ ಲೆಕ್ಕ, ಸರ್ವೆ ಬಂದ್ರೆ ಸರ್ವೆ. ಕೊಡೋದು ಸಂಬಳ ಅಲ್ಲ ಗೌರವಧನ. ಅಂಗನವಾಡಿಯವ್ರಿಗೂ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ಅದೂ ನಿಮಗೆ ಗೊತ್ತಿರ್ಲಿ. ಆದ್ರೆ ಈ ಅಂಗನವಾಡಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ, ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ನಿಮ್ಮ ಪಕ್ಕದ ತಿ.ನರಸೀಪುರಕ್ಕೆ. ಅಲ್ಲಿಂದ ಇಲ್ಲಿವರೆಗೂ ಹಳ್ಳಿಯ ಎಷ್ಟೋ ಮಕ್ಕಳಿಗೆ ಮನೆ ಬಿಟ್ಟು ಹೊರಗೆ ಸಿಗೋ ಮೊದಲ ಟೀಚರ್ ಅಂಗನವಾಡಿ ಅಕ್ಕನೇ. ಬರಹ ಎಷ್ಟೇ ಇದ್ರೂ ಬೆಳಗಿನ ಹೊತ್ತನ್ನ ಕತೆ, ಹಾಡು, ಆಟಕ್ಕೇ ಮೀಸಲಿಡೋ ಕಾರ್ಯಕರ್ತೆಯರು ಇದಾರೆ, ಅಂಥ ಒಬ್ರ ಕೇಂದ್ರಕ್ಕೆ ಹೋಗಿ ಕೂತು ನೋಡಿ.

ಮಕ್ಕಳು ಸಾಮಗ್ರಿಗಳನ್ನ ಕೈಲಿ ಹಿಡಿದು ತಾವೇ ಕಲಿಯೋ ಮಾಂಟೆಸ್ಸರಿ ಪದ್ಧತಿ ಬಗ್ಗೆ ನಂಗೆ ತುಂಬಾ ಗೌರವ. ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿಗೆ ಬಂದು ಯುದ್ಧದ ವರ್ಷಗಳನ್ನೆಲ್ಲಾ ನಮ್ಮ ದೇಶದಲ್ಲೇ ಕಳೆದು ಇಲ್ಲಿನ ಶಿಕ್ಷಕರಿಗೆ ತಾವೇ ತರಬೇತಿ ಕೊಟ್ಟೋರು. ಆದ್ರೆ ಆ ಹೆಸರನ್ನ ಯಾರು ಬೇಕಾದ್ರೂ ಬೋರ್ಡ್ ಮೇಲೆ ಬರೆಸ್ಕೋಬಹುದು, ಅದೇ ತೊಂದ್ರೆ. ದುಡ್ಡು ಕಟ್ಟೋಕೆ ಮುಂಚೆ ಸಾಮಗ್ರಿಗಳನ್ನ ನಿಮ್ಮ ಕೈಲಿ ಕೊಟ್ಟು ಅಭ್ಯಾಸ ಮಾಡಿಸ್ತಾರಾ, ಮಕ್ಕಳಿರೋ ತರಗತಿಲಿ ಕೂರಿಸಿ ಗಮನಿಸೋಕೆ ಬಿಡ್ತಾರಾ ಕೇಳಿ, ಬರೀ ಆನ್‌ಲೈನ್ ವಿಡಿಯೋ ತೋರಿಸಿ ಸರ್ಟಿಫಿಕೇಟ್ ಕೊಡೋರ ಹತ್ರ ಹೋಗ್ಬೇಡಿ. ನಿಮ್ಮ ಜಾಗದಲ್ಲಿ ನಾನಿದ್ರೆ ಮೊದ್ಲು ಅಂಗನವಾಡಿ ಅರ್ಜಿ ಹಾಕ್ತಿದ್ದೆ, ವಯಸ್ಸಿನ ಗಡಿ ಇರೋದು ಅದಕ್ಕೆ, ಟ್ರೈನಿಂಗಿಗೆ ಆಮೇಲೂ ಹೋಗ್ಬಹುದು.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ ಸೈನ್ಸ್. ನನ್ನ ತಮ್ಮನಿಗೆ ಕಿವಿ ಕೇಳಲ್ಲ, ಮಷಿನ್ ಹಾಕಿ ಥೆರಪಿ ಕೊಡಿಸಿದ್ಮೇಲೆ ಮಾತು ಬಂತು. ನಂಗೂ ಅಂಥ ಕೆಲಸ ಮಾಡ್ಬೇಕು ಅಂತ ಆಸೆ, ಆದ್ರೆ ಎಂಬಿಬಿಎಸ್ ಸಿಗೋಷ್ಟು ಮಾರ್ಕ್ಸ್ ಬರಲ್ಲ. (ತೀರ್ಥಹಳ್ಳಿ)

ಉತ್ತರ: ಇದಕ್ಕೆ ಎಂಬಿಬಿಎಸ್ ಬೇಡ. ಬಿಎಎಸ್‌ಎಲ್‌ಪಿ ಅಂತ ಡಿಗ್ರಿ ಇದೆ, ಕಿವಿ ಮತ್ತೆ ಮಾತು ಎರಡನ್ನೂ ಕಲಿಸ್ತಾರೆ, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಮೈಸೂರಿನ ಮಾನಸಗಂಗೋತ್ರಿಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಲ್ಲಿ ಶುರುವಾಗಿದ್ದು, ದೇಶದಲ್ಲೇ ಇದಕ್ಕೆ ಹೆಸರುವಾಸಿ, ಪ್ರವೇಶ ಪರೀಕ್ಷೆ ಇರುತ್ತೆ. ಬೆಂಗಳೂರು, ಮಂಗಳೂರಲ್ಲೂ ಕಾಲೇಜುಗಳಿವೆ, ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದ್ಯಾ ಅಂತ ನೋಡ್ಕೊಂಡೇ ಸೇರು, ಅದಿಲ್ದೇ ಇದ್ರೆ ಮುಂದೆ ರಿಜಿಸ್ಟ್ರೇಷನ್ ಆಗಲ್ಲ, ಕೆಲಸಾನೂ ಮಾಡೋ ಹಾಗಿಲ್ಲ.

ಹುಟ್ಟಿದ ಮಗುಗೆ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಮಷಿನ್, ಥೆರಪಿ ಶುರು, ಹೀಗೆ ಆಗ್ಬೇಕು ಅನ್ನೋದು ಈ ಕ್ಷೇತ್ರದ ಗುರಿ. ಹಳ್ಳಿಗಳಲ್ಲಿ ಮಾತು ತಡ ನಮ್ಮ ವಂಶದಲ್ಲೇ ಹಂಗೆ ಅಂತ ಮೂರ್ನಾಲ್ಕು ವರ್ಷ ಕಾಯ್ತಾರೆ, ಆ ಕಳೆದ ವರ್ಷ ವಾಪಸ್ ಸಿಗಲ್ಲ. ಕನ್ನಡದಲ್ಲಿ ಅಮ್ಮಂದಿರಿಗೆ ಅರ್ಥ ಆಗೋ ಹಾಗೆ ಹೇಳೋ ಥೆರಪಿಸ್ಟ್ ತಾಲ್ಲೂಕಿಗೊಬ್ರು ಇದ್ರೆ ಎಷ್ಟು ಮಕ್ಕಳು ಮಾತಾಡ್ತಾರೆ ಯೋಚ್ನೆ ಮಾಡು. ನಿಮ್ಮ ಮನೇಲೇ ಇದನ್ನ ಕಂಡಿದೀಯ, ಕಾಯೋ ಅಪ್ಪ ಅಮ್ಮನ ಕಷ್ಟ ನಿಂಗೆ ಪುಸ್ತಕ ಓದಿ ಕಲೀಬೇಕಿಲ್ಲ. ಖಂಡಿತ ಹೋಗು.

ಪ್ರಶ್ನೆ: ಹವ್ಯಾಸಿ ತಂಡದಲ್ಲಿ ನಾಟಕ ಮಾಡ್ತೀನಿ. ಮಕ್ಕಳ ರಂಗಭೂಮಿನೇ ಫುಲ್ ಟೈಮ್ ಮಾಡ್ಕೊಂಡು ಬದುಕೋಕಾಗುತ್ತಾ? (ಸಾಗರ)

ಉತ್ತರ: ಬೇಸಿಗೆ ಶಿಬಿರಗಳನ್ನ ಮಾತ್ರ ನಂಬ್ಕೊಂಡ್ರೆ ಆಗಲ್ಲ, ಅದು ಎರಡು ತಿಂಗಳ ದುಡಿಮೆ. ವರ್ಷ ಪೂರ್ತಿ ವಾರಕ್ಕೆ ಇಷ್ಟು ಪೀರಿಯಡ್ ಅಂತ ಎರಡು ಮೂರು ಶಾಲೆ ಒಪ್ಪಿಸ್ಕೊಂಡ್ರೆ ಆಗುತ್ತೆ. ನಿಮ್ಮ ಪಕ್ಕದ ಹೆಗ್ಗೋಡಿನಲ್ಲೇ ರಂಗ ತರಬೇತಿ ಕೊಡೋ ನೀನಾಸಂ ಇದೆ, ಅಲ್ಲಿ ತರಬೇತಿ ಆಗಿಲ್ಲ ಅಂದ್ರೆ ಅದನ್ನ ಮೊದ್ಲು ಮುಗಿಸಿ. ಮೈಸೂರು ರಂಗಾಯಣದ ಮಕ್ಕಳ ಬೇಸಿಗೆ ಶಿಬಿರ ಚಿಣ್ಣರ ಮೇಳದಲ್ಲಿ ಒಂದು ಬೇಸಿಗೆ ಸಹಾಯಕ್ಕೆ ನಿಲ್ಲೋಕೆ ಅವಕಾಶ ಸಿಕ್ರೆ ಬಿಡಬೇಡಿ. ದೊಡ್ಡೋರ ನಾಟಕ ಮಾಡ್ಸೋದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ, ಇಲ್ಲಿ ಪ್ರದರ್ಶನ ಚೆನ್ನಾಗಾಯ್ತಾ ಅನ್ನೋದಕ್ಕಿಂತ ಮೂಲೇಲಿ ನಿಂತಿದ್ದ ಮಗು ಒಂದು ಮಾತಾದ್ರೂ ಆಡ್ತಾ ಅನ್ನೋದು ಮುಖ್ಯ, ಅದಕ್ಕೆ ಒಪ್ಪೋ ಮನಸ್ಸಿದ್ರೆ ಬನ್ನಿ.

ಸ್ವಂತ ಶಿಬಿರ ಮಾಡೋದಾದ್ರೆ ಜೊತೆಗಿರೋ ಎಲ್ರ ಪೊಲೀಸ್ ವೆರಿಫಿಕೇಶನ್ ಮಾಡಿಸಿ, ಮಗು ಜೊತೆ ಒಬ್ರೇ ದೊಡ್ಡೋರು ಬಾಗಿಲು ಹಾಕ್ಕೊಂಡು ಇರೋ ಹಾಗೆ ಎಲ್ಲೂ ಆಗ್ಬಾರ್ದು. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿಗೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದೋರು ಪೊಲೀಸರಿಗೆ ತಿಳಿಸ್ಲೇಬೇಕು, ಮುಚ್ಚಿಟ್ರೆ ಅದೇ ಅಪರಾಧ, ಸಂಸ್ಥೆ ನಡೆಸೋರಿಗೆ ಶಿಕ್ಷೆ ಇನ್ನೂ ಜಾಸ್ತಿ. ಮಕ್ಕಳ ಸಹಾಯವಾಣಿ 1098 ನಂಬರನ್ನ ಶಿಬಿರದ ಗೋಡೆ ಮೇಲೆ ಮಕ್ಕಳ ಕಣ್ಣಿಗೆ ಕಾಣೋ ಎತ್ತರದಲ್ಲಿ ಬರೆಸಿ, ಮೊದಲ ದಿನವೇ ಅದು ಏನು ಅಂತ ಅವ್ರಿಗೆ ಹೇಳಿ.