ಎಸ್‌ಜಿಪಿಟಿ 78 ಬಂದ್ಮೇಲೆ ನಿದ್ದೆ ಹೋದವರ ಕಥೆ (ಆಪ್ತಸಲಹೆ ಪ್ರಕರಣ)

ನಲವತ್ತರ ಆಸುಪಾಸಿನವರು, ಆಫೀಸ್ ಕೆಲಸ, ಕುಡಿತ ಇಲ್ಲ. ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರು ಒಪ್ಪಿದ ಮೇಲೇ ಬರೀತಿರೋದು. ಇನ್ಶೂರೆನ್ಸ್‌ಗೆ ಅಂತ ಮಾಡಿಸಿದ ಬ್ಲಡ್ ಟೆಸ್ಟಲ್ಲಿ ಲಿವರಿಗೆ ಸಂಬಂಧಿಸಿದ ಎರಡು ಕಿಣ್ವ, ಎಸ್‌ಜಿಪಿಟಿ 78, ಎಸ್‌ಜಿಒಟಿ 52 ಬಂದಿತ್ತು, ಆ ಲ್ಯಾಬ್ ಕೊಟ್ಟಿದ್ದ ಮಿತಿ 40. ಡಾಕ್ಟರ್ ಹೆಪಟೈಟಿಸ್ ಬಿ, ಸಿ ಎರಡೂ ನೋಡಿಸಿದ್ರು, ನೆಗೆಟಿವ್. ಸ್ಕ್ಯಾನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1, ಅಂದ್ರೆ ಲಿವರಲ್ಲಿ ಕೊಬ್ಬು ಸೇರಿರೋದರ ಮೊದಲ ಹಂತ. ತೂಕ ಇಳಿಸಿ, ಮೂರು ತಿಂಗಳು ಬಿಟ್ಟು ರಿಪೀಟ್ ಮಾಡಿಸೋಣ ಅಂದು ಕಳಿಸಿದ್ರು. ಆ ಮೂರು ತಿಂಗಳು ಕಾಯೋದೇ ಇವರಿಗೆ ಆಗ್ಲಿಲ್ಲ.

ರಾತ್ರಿ ಎರಡು ಗಂಟೆಗೆ ಎದ್ದು, ಕನ್ನಡಿ ಮುಂದೆ ನಿಂತು, ಕೆಳರೆಪ್ಪೆ ಎಳ್ಕೊಂಡು ಮೊಬೈಲ್ ಟಾರ್ಚ್ ಬಿಟ್ಟು ಕಣ್ಣು ಹಳದಿ ಆಗಿದ್ಯಾ ಅಂತ ನೋಡ್ತಿದ್ರು. ಬಲಗಡೆ ಪಕ್ಕೆ ಕೆಳಗೆ ಒತ್ತಿ ಒತ್ತಿ ನೋಡೋದು, ಒತ್ತಿ ಒತ್ತಿಯೇ ಅಲ್ಲಿ ನೋವು ಬರೋದು, ನೋವು ಬಂತಲ್ಲ ಅಂತ ಮತ್ತೆ ಗಾಬರಿ. ಹೆಂಡತಿ "ಏನೂ ಇಲ್ಲ ಕಣ್ರೀ, ಮಲಗಿ" ಅಂದ್ರೆ ಹತ್ತು ನಿಮಿಷ ಸಮಾಧಾನ ಅಷ್ಟೇ. ಡಾಕ್ಟರಿಗೆ ಹೇಳದೆ ಬೇರೆ ಬೇರೆ ಲ್ಯಾಬಲ್ಲಿ ಟೆಸ್ಟ್ ಬೇರೆ ಮಾಡಿಸಿದ್ರು: 71, 83, 75. 83 ಬಂದ ದಿನ ರಜೆ ಹಾಕಿ ಮಲಗಿಬಿಟ್ರಂತೆ.

ನಾನು ಡಾಕ್ಟರಲ್ಲ, ರಿಪೋರ್ಟಿಗೆ ಅರ್ಥ ಹೇಳೋದು ನನ್ನ ಕೆಲಸ ಅಲ್ಲ. ಆದ್ರೂ ಅವರ ಡಾಕ್ಟರ್ ಹೇಳಿದ್ದನ್ನೇ ನಿಧಾನಕ್ಕೆ ಮತ್ತೆ ಕೂತು ಓದಿದ್ವಿ. ಎಸ್‌ಜಿಪಿಟಿ ಲಿವರ್ ಜೀವಕೋಶದ ಒಳಗಿರೋ ಕಿಣ್ವ, ಜೀವಕೋಶಕ್ಕೆ ತೊಂದರೆ ಆದಾಗ ರಕ್ತಕ್ಕೆ ಸೋರುತ್ತೆ, ದಿನದಿಂದ ದಿನಕ್ಕೆ ಅಷ್ಟಿಷ್ಟು ಏರಿಳಿತ ಇದ್ದೇ ಇರುತ್ತೆ, ಜಿಮ್ಮಲ್ಲಿ ಮೈ ಮುರಿದು ವರ್ಕೌಟ್ ಮಾಡಿದ್ರೂ ಏರಬಹುದು. ಲಿವರ್ ಕೆಲಸ ಹೇಗೆ ಮಾಡ್ತಿದೆ ಅನ್ನೋದಕ್ಕೆ ಅಲ್ಬುಮಿನ್ (ಲಿವರ್ ತಯಾರಿಸೋ ಪ್ರೋಟೀನ್), ಬಿಲಿರುಬಿನ್ (ರಕ್ತದಲ್ಲಿರೋ ಹಳದಿ ಅಂಶ), ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಲೆಕ್ಕ) ನೋಡ್ತಾರೆ. ಮೂರೂ ನಾರ್ಮಲ್ ಇತ್ತು, ಅದೇ ಹಾಳೆಯಲ್ಲಿ! ದಪ್ಪಕ್ಷರದಲ್ಲಿದ್ದ ಎರಡು ಸಾಲು ಬಿಟ್ಟು ಬೇರೇನನ್ನೂ ಅವರು ಓದೇ ಇರ್ಲಿಲ್ಲ.

ಇಷ್ಟಾದ್ರೂ ಭಯ ಹೋಗ್ಲಿಲ್ಲ, ಹೋಗುತ್ತೆ ಅಂತ ನಾನೂ ಅನ್ಕೊಂಡಿರ್ಲಿಲ್ಲ. ಮೂರನೇ ಭೇಟಿಯಲ್ಲಿ ಮೆಲ್ಲಗೆ ಬಾಯಿಬಿಟ್ರು: ದೊಡ್ಡಪ್ಪ ಕುಡಿದು ಕುಡಿದು ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡೋ ಕಾಯಿಲೆ) ಆಗಿ ಹೋದವರು, ಮನೇಲಿ ಅವರ ಹೆಸರೇ ಎತ್ತಲ್ಲ. "ಮೇಡಂ, ಲಿವರ್ ಅಂದ ತಕ್ಷಣ ಜನ ಕುಡುಕ ಅನ್ಕೊಳ್ತಾರೆ, ಅಮ್ಮನಿಗೆ ಹೇಗೆ ಹೇಳ್ಲಿ" ಅಂದ್ರು. ರೋಗದ ಭಯಕ್ಕಿಂತ ಇದೇ ಜಾಸ್ತಿ ಭಾರ ಇತ್ತು ಅನ್ಸುತ್ತೆ ನಂಗೆ. ಅಮ್ಮನಿಗೆ ಹೇಳೋ ಮಾತನ್ನ ಇಲ್ಲೇ ಜೋರಾಗಿ ಹೇಳಿ ಅಭ್ಯಾಸ ಮಾಡಿದ್ರು. ಮನೇಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು, "ಅದಕ್ಕೇನಾ ಇಷ್ಟು ದಿನ ಸೊರಗಿ ಹೋಗಿದ್ದು?"

ಪದೇ ಪದೇ ನೋಡ್ಕೊಳ್ಳೋದನ್ನ ಒಂದೇ ಏಟಿಗೆ ನಿಲ್ಲಿಸಿ ಅನ್ಲಿಲ್ಲ, ಯಾರಿಗೂ ಆಗಲ್ಲ ಅದು. ಕಣ್ಣು ನೋಡೋದಾದ್ರೆ ಬೆಳಿಗ್ಗೆ, ಹಗಲು ಬೆಳಕಲ್ಲಿ, ಒಂದೇ ಸಲ. ರಾತ್ರಿ ಟಾರ್ಚ್ ಬೇಡ, ಪಕ್ಕೆ ಒತ್ತೋದು ಬೇಡವೇ ಬೇಡ. ಚಿಂತೆ ಮಾಡೋಕೆ ಸಂಜೆ ಹದಿನೈದು ನಿಮಿಷ ಫಿಕ್ಸ್ ಮಾಡಿದ್ವಿ, ಉಳಿದ ಹೊತ್ತಲ್ಲಿ ತಲೆಗೆ ಬಂದಿದ್ದನ್ನ ನೋಟ್‌ಬುಕ್ಕಲ್ಲಿ ಒಂದು ಸಾಲು ಬರೆದು ಸಂಜೆಗೆ ಮುಂದೂಡೋದು, ಅದರಲ್ಲಿ ಡಾಕ್ಟರಿಗೆ ಕೇಳೋಂಥದ್ದು ಇದ್ರೆ ಬೇರೆ ಪುಟಕ್ಕೆ ಹಾಕೋದು. ಹೆಂಡತಿನೂ ಒಂದ್ಸಲ ಬಂದಿದ್ರು, ಹಳದಿ ಆಗಿದ್ಯಾ ಅಂತ ಕೇಳಿದ್ರೆ ಉತ್ತರ ಕೊಡೋ ಬದಲು "ಬನ್ನಿ, ಒಂದು ರೌಂಡ್ ನಡ್ಕೊಂಡು ಬರೋಣ" ಅನ್ನೋದು ಅಂತ ಮೂರೂ ಜನ ಮಾತಾಡ್ಕೊಂಡ್ವಿ. ಟೆಸ್ಟ್ ಡಾಕ್ಟರ್ ಹೇಳಿದ ತಾರೀಕಿಗೆ ಮಾತ್ರ, ಅದೇ ಲ್ಯಾಬಲ್ಲಿ.

ಇನ್ನೊಂದು ವಿಷಯಕ್ಕೆ ಮಾತ್ರ ಕಟ್ಟುನಿಟ್ಟಾಗೇ ಇದ್ದೆ. ಆನ್‌ಲೈನಲ್ಲಿ ಯಾವುದೋ ಲಿವರ್ ಕ್ಲೀನ್ ಪುಡಿ ತರಿಸಿ ತಗೋತಿದ್ರು, ಜೊತೆಗೆ ಅರ್ಧ ಉಪವಾಸ. ಗಿಡಮೂಲಿಕೆ ಅಂದ ಮಾತ್ರಕ್ಕೆ ಸೇಫ್ ಅಲ್ಲ, ಕೆಲವು ಲಿವರಿಗೇ ಏಟು ಕೊಡುತ್ವೆ, ತೂಕ ತೀರಾ ಬೇಗ ಇಳಿದ್ರೂ ಒಳ್ಳೇದಲ್ಲ. ಡಬ್ಬ ತಗೊಂಡೋಗಿ ಡಾಕ್ಟರಿಗೆ ತೋರಿಸಿ ಅಂದೆ. ಆ ಪುಡಿ ಅಲ್ಲಿಗೆ ನಿಂತಿತು.

ಯಾವಾಗ ಕಾಯಬಾರದು ಅನ್ನೋದನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿದ್ದೆ: ಕಣ್ಣು ನಿಜಕ್ಕೂ ಹಳದಿ ಆದ್ರೆ, ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿದ್ರೆ, ರಕ್ತ ವಾಂತಿ ಆದ್ರೆ, ಮಲ ಟಾರಿನ ಥರ ಕಪ್ಪಾದ್ರೆ, ಹೊಟ್ಟೆ ಊದಿಕೊಂಡ್ರೆ, ಮಂಕು ಕವಿದು ಮಾತು ತಡವರಿಸಿದ್ರೆ ಸಂಜೆ ಹದಿನೈದು ನಿಮಿಷಕ್ಕೆ ಕಾಯೋದಲ್ಲ, ಸೀದಾ ಆಸ್ಪತ್ರೆಗೆ.

ರಿಪೀಟ್ ಟೆಸ್ಟಲ್ಲಿ 58 ಬಂತು, ತೂಕ ನಾಲ್ಕು ಕೆಜಿ ಇಳಿದಿತ್ತು. "40 ಯಾಕೆ ಬರ್ಲಿಲ್ಲ ಮೇಡಂ" ಅಂತಾನೇ ಒಳಗೆ ಬಂದ್ರು. ಅದನ್ನ ಡಾಕ್ಟರ್‌ಗೆ ಕೇಳೋ ಪುಟಕ್ಕೆ ಬರೀರಿ ಅಂದೆ, ಆಗ್ಲೇ ಬರ್ದಿದೀನಿ ಅಂತ ತೋರಿಸಿದ್ರು.