ವಿಟನ್ ಓವಲ್‌ಗೆ ಒಮ್ಮೆ ಬನ್ನಿ

ಮೆಲ್ಬರ್ನಿನ ವೆಸ್ಟ್ ಫುಟ್ಸ್‌ಕ್ರೇಗೆ ಬಂದು ಎರಡು ತಿಂಗಳಾಯಿತು, ಕಚೇರಿಯಲ್ಲಿ ಎಲ್ಲರೂ ‘ನಿಮ್ಮದು ಯಾವ ಫುಟ್ಬಾಲ್ ತಂಡ’ ಎನ್ನುತ್ತಾರೆ, ಏನು ಹೇಳಲಿ ಎಂದು ಕೇಳಿದ್ದೀರಿ. ಇಲ್ಲಿ ಫುಟ್ಬಾಲ್ ಎಂದರೆ ಆಸ್ಟ್ರೇಲಿಯನ್ ರೂಲ್ಸ್ ಆಟ. ಅಂಕಪಟ್ಟಿ ನೋಡಿ ತಂಡ ಆರಿಸಿಕೊಳ್ಳಬೇಡಿ ತಮ್ಮಾ. ನೀವು ತೊಗರಿಬೇಳೆ, ಕರಿಬೇವು ತರುವ ಬಾರ್ಕ್ಲಿ ಸ್ಟ್ರೀಟಿನಲ್ಲೇ ಮುಂದೆ ನಡೆದರೆ ವಿಟನ್ ಓವಲ್ ಮೈದಾನ ಸಿಗುತ್ತದೆ. ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ಬಿನ ಮನೆ ಅದು. ಹಳಬರ ಬಾಯಲ್ಲಿ ಕ್ಲಬ್ಬಿಗೆ ಈಗಲೂ ಹಳೆಯ ಹೆಸರೇ, ಫುಟ್ಸ್‌ಕ್ರೇ.

ಪುರುಷರ ದೊಡ್ಡ ಲೀಗಿನ ಪಂದ್ಯಗಳು 1997ಕ್ಕೇ ಇಲ್ಲಿ ಮುಗಿದವು. ಈಗ ಮಹಿಳೆಯರ ಲೀಗ್ ಮತ್ತು ದೊಡ್ಡ ಲೀಗಿನ ಕೆಳಗಿನ ಹಂತವಾದ ವಿಎಫ್‌ಎಲ್ ಪಂದ್ಯಗಳು ನಡೆಯುತ್ತವೆ. ಆಟ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಬೇಲಿ ಹಿಡಿದು ನಿಂತರೆ ಆಟಗಾರ್ತಿಯರು ಒಬ್ಬರನ್ನೊಬ್ಬರು ಕೂಗುವುದು ಕೇಳಿಸುತ್ತದೆ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ, ಪಕ್ಕದ ಸಂದಿಯಲ್ಲಿ ಹೋದರೆ ಒಂದು. ಮೊದಲ ದಿನಕ್ಕೆ ಇಷ್ಟು ಸಾಕು. ಉಳಿದದ್ದನ್ನು ಗಾಳಿಯೇ ಕಲಿಸುತ್ತದೆ. ಇಲ್ಲಿನ ಗಾಳಿ ಹೆಸರುವಾಸಿ. ಅದಕ್ಕೆ ಎದುರಾಗಿ ಎತ್ತರಕ್ಕೆ ಒದ್ದ ಚೆಂಡು ನಡುವೆಯೇ ನಿಂತಂತಾಗಿ, ಓಡುತ್ತಿದ್ದವರೆಲ್ಲ ಹಿಂದಕ್ಕೆ ತಿರುಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

1989ರಲ್ಲಿ ಸಾಲದ ಕಾರಣಕ್ಕೆ ಈ ಕ್ಲಬ್ಬನ್ನು ಮೆಲ್ಬರ್ನಿನದೇ ಇನ್ನೊಂದು ಕ್ಲಬ್ ಫಿಟ್ಸ್‌ರಾಯ್ ಜೊತೆ ವಿಲೀನಗೊಳಿಸಲು ಲೀಗ್ ಹೊರಟಿತ್ತು. ಆಗ ಇದು ಕಾರ್ಖಾನೆಗಳಲ್ಲಿ ದುಡಿಯುವವರ ಬಡಾವಣೆ. ಜನ ಡಬ್ಬಿ ಹಿಡಿದು ಮನೆಮನೆ ಸುತ್ತಿ ಹಣ ಕೂಡಿಸಿದರು, ಅಭಿಮಾನಿಯೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದರು, ಕ್ಲಬ್ ಉಳಿಯಿತು. ಆಗ ಗೆಲುವಿನ ಆಸೆಗೇನೂ ಅವರು ಹಾಗೆ ಮಾಡಲಿಲ್ಲ. ದೊಡ್ಡ ಲೀಗಿನಲ್ಲಿ ಕ್ಲಬ್ಬಿಗೆ ಅಲ್ಲಿಯವರೆಗೆ ಸಿಕ್ಕಿದ್ದು 1954ರ ಒಂದೇ ಒಂದು ಪ್ರಶಸ್ತಿ. ಎರಡನೆಯದು ಬಂದದ್ದು 2016ರಲ್ಲಿ, 62 ವರ್ಷಗಳ ನಂತರ. ಗಾಯಗೊಂಡು ಫೈನಲ್ ಆಡಲಾಗದ ನಾಯಕ ಬಾಬ್ ಮರ್ಫಿಯನ್ನು ವೇದಿಕೆಗೆ ಕರೆದು ತರಬೇತುದಾರ ಲ್ಯೂಕ್ ಬೆವರಿಜ್ ತನ್ನ ಪದಕವನ್ನು ಅವನ ಕೊರಳಿಗೆ ಹಾಕಿದರು. ಮರುದಿನ ಈ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಮುದುಕರು ಬಣ್ಣ ಮಾಸಿದ ಉಣ್ಣೆಯ ಸ್ಕಾರ್ಫನ್ನು ಮುಖಕ್ಕೊತ್ತಿಕೊಂಡು ಅಳುತ್ತಿದ್ದರು. ಅಂದಿನಿಂದ ನಾನೂ ಈ ತಂಡದವಳೇ.

ಊರು ಬಿಟ್ಟು ಬಂದವರಿಗೆ ಬೇರೂರಲು ಇಂಥದ್ದೊಂದು ನೆಲ ಬೇಕು. ಮುಂದಿನ ಪಂದ್ಯದ ದಿನ ಮೈದಾನದ ಹೊರಗಿರುವ, ಅದಕ್ಕೆ ಹೆಸರು ಕೊಟ್ಟ ಹಳೆಯ ಆಟಗಾರ ಟೆಡ್ ವಿಟನ್ ಪ್ರತಿಮೆಯ ಬಳಿ ಕಾಯುತ್ತಿರುತ್ತೇನೆ. ದಪ್ಪನೆಯ ಜಾಕೆಟ್ ಮರೆಯಬೇಡಿ.