ಕೀಮೋಗೆ ಬಗ್ಗದ ಕ್ಯಾನ್ಸರ್ ಕೋಶದೊಳಗೆ ನ್ಯಾನೋಕಣಗಳು ಔಷಧ ತಲುಪಿಸುವುದು ಹೇಗೆ?

ಕೋಶ ಬಗ್ಗದಿರಲು ಕಾರಣಗಳು ಹಲವು. ಹೆಚ್ಚು ಅಧ್ಯಯನ ಆಗಿರುವುದರಲ್ಲಿ ಒಂದು, ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪ್. ಇದು ಕೋಶದ ಪೊರೆಯಲ್ಲೇ ಕೂತಿರುತ್ತದೆ. ಡಾಕ್ಸೊರುಬಿಸಿನ್‌ನಂಥ ಕೀಮೋ ಔಷಧದ ಅಣು ಪೊರೆ ದಾಟುವಾಗಲೇ ಹಿಡಿದು ಹೊರಗೆ ದಬ್ಬುತ್ತದೆ, ಟಿಕೆಟ್ ಇಲ್ಲದವರನ್ನು ಮೆಟ್ಟಿಲಿಂದಲೇ ಇಳಿಸುವ ಕಂಡಕ್ಟರ್ ಹಾಗೆ. ಡೋಸ್ ಜಾಸ್ತಿ ಮಾಡೋಣ ಅಂದರೆ ಹೃದಯಕ್ಕೆ ಪೆಟ್ಟು.

ನ್ಯಾನೋಕಣ, ಅಂದರೆ ಔಷಧ ತುಂಬಿದ ಅತಿ ಸಣ್ಣ ಕಣ, ಬೇರೆ ದಾರಿ ಹಿಡಿಯುತ್ತದೆ. ಸುಮಾರು 100 ನ್ಯಾನೋಮೀಟರ್ ಗಾತ್ರದ ಕಣ ಈ ಪಂಪಿನ ಹಿಡಿತಕ್ಕೆ ಸಿಗುವುದಿಲ್ಲ. ಪೊರೆಯೇ ಒಳಕ್ಕೆ ಬಾಗಿ, ಕಣದ ಸುತ್ತ ಪುಟ್ಟ ಚೀಲ ಕಟ್ಟಿ ನುಂಗುತ್ತದೆ. ಚೀಲ ಒಳಗೆ ಸಾಗಿದಂತೆ ಅದರಲ್ಲಿ ಹುಳಿ ಏರುತ್ತದೆ, ಪಿಎಚ್ 5ರ ಹತ್ತಿರ ಬರುತ್ತದೆ. ಹುಳಿಗೆ ಒಡೆಯುವಂತೆ ಕಣವನ್ನು ಮಾಡಿದ್ದರೆ ಔಷಧ ಬಿಡುಗಡೆಯಾಗುವುದು ಅಲ್ಲಿ, ಪಂಪಿನಿಂದ ದೂರದಲ್ಲಿ. ಅದೇ ಕಣದಲ್ಲಿ ಪಂಪಿನ ತಯಾರಿಯನ್ನೇ ತಡೆಯುವ ಆರ್‌ಎನ್‌ಎ ತುಣುಕನ್ನೂ ತುಂಬಬಹುದು. ನನಗೆ ತುಂಬ ಜಾಣ ಅನ್ನಿಸಿದ ಉಪಾಯ ಇದು.

ಇದೆಲ್ಲ ಲ್ಯಾಬಿನ ತಟ್ಟೆಯಲ್ಲಿ ಚೆಂದ. ದೇಹದಲ್ಲಿ ಲಿವರ್ ಇದೆಯಲ್ಲ, ಅದು ಬಹಳಷ್ಟು ಕಣಗಳನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಒಟ್ಟುಹಾಕಿ 2016ರಲ್ಲಿ ಲೆಕ್ಕ ನೋಡಿದಾಗ, ಗೆಡ್ಡೆ ತಲುಪಿದ್ದು ಕೊಟ್ಟ ಡೋಸಿನ ಸುಮಾರು ಶೇ. 0.7 ಮಾತ್ರ.

ಹಾಗಾಗಿ ನ್ಯಾನೋ ಔಷಧದ ಜಾಹೀರಾತನ್ನು ಸುಮ್ನೆ ನಂಬಬೇಡಿ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾಕ್ಸಿಲ್ ಅಂದರೆ ಕೊಬ್ಬಿನ ಗುಳ್ಳೆಯೊಳಗಿನ ಡಾಕ್ಸೊರುಬಿಸಿನ್. ಅದರ ದೊಡ್ಡ ಲಾಭ ಪಂಪನ್ನು ಸೋಲಿಸಿದ್ದಲ್ಲ, ಹೃದಯಕ್ಕೆ ಹಾನಿ ಕಡಿಮೆ ಮಾಡಿದ್ದು. ಬದಲಿಗೆ ಕೆಲವರಿಗೆ ಅಂಗೈ, ಅಂಗಾಲು ಕೆಂಪಾಗಿ ಸುಲಿಯುತ್ತವೆ.